ಆಟಕ್ಕುಂಟು ಲೆಕ್ಕಕ್ಕಿಲ್ಲ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಚಿಕೆಯ ಹೊಣೆ ಹೊತ್ತ ಸಹೋದ್ಯೋಗಿಗಳು ಕೇಳಿದರು. ಕನ್ನಡ ಮೇಷ್ಟರಾದ ನನ್ನಿಂದ ಅವರು ನಿರೀಕ್ಷಿಸಿದ್ದು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತ ಒಂದು ಪ್ರಬಂಧವನ್ನು. ನಾನು ಬರೆಯಹೊರಟಿರುವುದಾದರೋ ಬ್ಯಾಟಿಂಗ್ ಸರಾಸರಿಯನ್ನು ಕುರಿತು. ಕನ್ನಡಕ್ಕೂ ಲೆಕ್ಕಕ್ಕೂ ಏನು ನಂಟು ಎಂದು ಗಣಿತದ ಮೇಷ್ಟರು ನಕ್ಕರೆ ನಗಲಿ. ಈ ಲೆಕ್ಕದಲ್ಲಿ ನನ್ನದೊಂದು ಹಳೆಯ ಬಾಕಿಯಿದೆ. ಅದನ್ನು ಮಕ್ಕಳ ಮುಂದೆ, ಅವರ ತಂದೆತಾಯಿಗಳ ಮುಂದೆ ಒಪ್ಪಿಕೊಳ್ಳಲು ಇದಕ್ಕಿಂತ ತಕ್ಕ ಜಾಗ ಸಿಕ್ಕಲಾರದು.

ಗಾದೆಯಿಂದಲೇ ಪ್ರಾರಂಭಿಸುತ್ತೇನೆ. ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯಲ್ಲಿ ಚಿನ್ನಿದಾಂಡಿನ ಆಟ ನಡೆಯುತ್ತಿತ್ತು. ನನ್ನ ತಮ್ಮ ಇನ್ನೂ ಪುಟ್ಟವನು. ನನ್ನನ್ನೂ ಸೇರಿಸಿಕೊಳ್ಳಿ ಎಂದು ಅಳುತ್ತಾ ಬರುವನು. ಒಳಗಿನಿಂದ ಅಮ್ಮನ ಆಜ್ಞೆಯೂ ಬರುವುದು. ವಿಧಿಯಿಲ್ಲದೆ ಸೇರಿಸಿಕೊಳ್ಳುತ್ತಿದ್ದೆವು, ಆದರೆ ಗುಟ್ಟಾಗಿ ಒಂದು ಷರತ್ತು: ಅವನು ಔಟಾದರೂ ಔಟಲ್ಲ, ಹೊಡೆದರೂ ಹೊಡೆತವಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಪಾಪ, ಅವನಿಗೆ ಅದು ತಿಳಿಯುತ್ತಿರಲಿಲ್ಲ. ತಿಳಿದ ದಿನ ದಾಂಡನ್ನು ಬಾವಿಯ ಕಡೆಗೆ ಎಸೆದು ಮನೆಗೆ ಹೋಗಿಬಿಟ್ಟ. ಲೆಕ್ಕದಿಂದ ಬಿಟ್ಟುಹೋಗುವುದು ಎಷ್ಟು ನೋವಿನ ಸಂಗತಿ ಎಂಬುದು ಅಂದೇ ನನಗೆ ಅರ್ಥವಾಗಬೇಕಾಗಿತ್ತು. ಆಗಲಿಲ್ಲ.

ನಮ್ಮ ಉದ್ದನಪಲ್ಲಿಯ ಸುತ್ತಮುತ್ತ ಕ್ರಿಕೆಟ್ಟಿಗೆ ಒಳ್ಳೆಯ ಕಾಲವೆಂದರೆ ರಾಗಿ ಕೊಯ್ದು ಹೊಲ ಬರಿದಾದ ಮೇಲೆ. ಕೂಳೆಯ ನಡುವೆ ಒಂದಿಷ್ಟು ಜಾಗ ಸಮಮಾಡಿಕೊಂಡರೆ ಅದೇ ಪಿಚ್ಚು. ಆಟದ ಕೂಗಾಟವೆಲ್ಲ ಮೂರು ಭಾಷೆಗಳಲ್ಲಿ. ಒಬ್ಬ ಕನ್ನಡದಲ್ಲಿ ಓಡು ಎನ್ನುತ್ತಾನೆ, ಎದುರಿನವನು ತೆಲುಗಿನಲ್ಲಿ ಬೇಡ ಎನ್ನುತ್ತಾನೆ, ವಿಕೆಟ್ ಹಿಂದೆ ನಿಂತವನು ಇಬ್ಬರನ್ನೂ ತಮಿಳಿನಲ್ಲಿ ಬೈಯುತ್ತಾನೆ. ರನೌಟಾಗುವುದು ಮಾತ್ರ ಯಾವ ಭಾಷೆಯಲ್ಲಾದರೂ ಒಂದೇ.

2025ರ ಜನವರಿಯಲ್ಲಿ, ಇಂಥ ಆಟದ ದಿನಗಳಲ್ಲಿಯೇ, ಹತ್ತನೆಯ ತರಗತಿಯ ನಾಲ್ಕಾರು ಹುಡುಗರು ಒಂದು ಪತ್ರಿಕೆಯನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದರು. ವಿಜಯ್ ಹಜಾರೆ ಟ್ರೋಫಿಯಲ್ಲಿ ಕರುಣ್ ನಾಯರ್ ಅವರ ಸರಾಸರಿ 752 ಎಂದು ಅದರಲ್ಲಿತ್ತು. "ಸಾರ್, ಇದು ಅಚ್ಚಿನ ತಪ್ಪಲ್ವಾ? ಐವತ್ತು ಓವರ್ ಆಟದಲ್ಲಿ ಒಬ್ಬನೇ ಸರಾಸರಿ 752 ಹೊಡೆಯೋಕಾಗುತ್ತಾ?" ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ಅಚ್ಚಿನ ತಪ್ಪಾಗಿರಲಿಲ್ಲ.

ಕರುಣ್ ನಾಯರ್ ನಮ್ಮ ಕರ್ನಾಟಕ ತಂಡದಲ್ಲಿ ಬೆಳೆದು, 2023ರಲ್ಲಿ ವಿದರ್ಭಕ್ಕೆ ಹೋದವರು. ಆ ಪಂದ್ಯಾವಳಿಯಲ್ಲಿ ಅವರ ಮೊದಲ ನಾಲ್ಕು ಆಟಗಳು 112, 44, 163, 111. ನಾಲ್ಕರಲ್ಲಿಯೂ ಔಟಾಗಲಿಲ್ಲ. ಈಗ ಲೆಕ್ಕ ಮಾಡಿ. ಕ್ರಿಕೆಟ್ಟಿನಲ್ಲಿ ಸರಾಸರಿ ಎಂದರೆ ಒಟ್ಟು ರನ್ನುಗಳನ್ನು ಎಷ್ಟು ಸಲ ಆಡಿದನೋ ಅದರಿಂದಲ್ಲ, ಎಷ್ಟು ಸಲ ಔಟಾದನೋ ಅದರಿಂದ ಭಾಗಿಸುವುದು. 430 ರನ್ನುಗಳಿವೆ, ಔಟಾದದ್ದು ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದು ಎಂದು ಗಣಿತದ ಮೇಷ್ಟರು ಹೇಳಿಕೊಟ್ಟಿದ್ದಾರಷ್ಟೆ. ಆದ್ದರಿಂದ 430 ರನ್ ಹೊಡೆದವರಿಗೆ ಆ ದಿನ ಸರಾಸರಿ ಎಂಬುದೇ ಇರಲಿಲ್ಲ! ಐದನೆಯ ಆಟದಲ್ಲಿ 112ಕ್ಕೆ ಔಟಾದರು. ಅಷ್ಟರಲ್ಲಿ ನಡುವೆ ಔಟಾಗದೆ ಗಳಿಸಿದ ಮೊತ್ತ 542 ಆಗಿ, ಆ ಬಗೆಯ ಕ್ರಿಕೆಟ್ಟಿನಲ್ಲಿ ಲೋಕದ ದಾಖಲೆಯಾಯಿತು. ಮುಂದೆ 122, 88; ಎರಡೂ ಔಟಾಗದೆ. ಏಳು ಆಟ, 752 ರನ್, ಒಂದೇ ಔಟು. ಸರಾಸರಿ 752.

ಜನವರಿ 18ರಂದು ವಡೋದರದಲ್ಲಿ ಫೈನಲ್ ಪಂದ್ಯ. ಎದುರಾಳಿ ಕರ್ನಾಟಕವೇ. ಕರುಣ್ 27ಕ್ಕೆ ಔಟಾದರು. ಕರ್ನಾಟಕ 36 ರನ್ನುಗಳಿಂದ ಗೆದ್ದಿತು. ಆಗ 779 ರನ್, ಎರಡು ಔಟು, ಸರಾಸರಿ 389.5. ಒಂದೇ ದಿನದಲ್ಲಿ ಸರಾಸರಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಮನುಷ್ಯ ಅವನೇ, ಬ್ಯಾಟು ಅದೇ, ಗೆರೆಯ ಮೇಲಿನ ರನ್ನುಗಳು ಹೆಚ್ಚಿದುವೇ ಹೊರತು ಕಡಿಮೆಯಾಗಲಿಲ್ಲ. ಬದಲಾದದ್ದು ಗೆರೆಯ ಕೆಳಗಿನ ಸಂಖ್ಯೆ. ಒಂದಿದ್ದದ್ದು ಎರಡಾಯಿತು.

"ಹಾಗಾದರೆ ಔಟಾಗದ ಆಟಗಳು ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನಿ ಸಾರ್" ಎಂದನು ಒಬ್ಬ ಹುಡುಗ. ಅವನಿಗೆ ಅದು ಬರೀ ತಮಾಷೆ. ನನಗೆ ಮಾತ್ರ ಆ ಮಾತು ಎದೆಗೆ ತಗುಲಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಇದೇ ಕರುಣ್ ನಾಯರ್ ಅವರ ಇನ್ನೊಂದು ಲೆಕ್ಕವನ್ನೂ ನೋಡಿ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303 ರನ್ ಹೊಡೆದರು. 2017ರ ಮಾರ್ಚಿನವರೆಗೆ ಆಡಿದ ಆರು ಟೆಸ್ಟ್ ಪಂದ್ಯಗಳಲ್ಲಿ ಅವರ ಏಳು ಆಟಗಳು ಹೀಗಿವೆ: 4, 13, 303, 26, 0, 23, 5. ಒಟ್ಟು 374, ಸರಾಸರಿ 62.33. ಈ ಏಳು ಅಂಕಿಗಳಲ್ಲಿ 62ರ ಹತ್ತಿರ ಯಾವುದಾದರೂ ಇದೆಯೆ? ಟ್ರೈನಿಂಗ್ ಕಾಲೇಜಿನಲ್ಲಿ ನಮಗೆ ಮಧ್ಯಾಂಕ ಎಂಬುದನ್ನು ಹೇಳಿಕೊಟ್ಟಿದ್ದರು. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಡುವಿನದನ್ನು ನೋಡುವುದು. ಇಲ್ಲಿ ಮಧ್ಯಾಂಕ 13. ಸರಾಸರಿ 62 ಎನ್ನುತ್ತದೆ, ಮಧ್ಯಾಂಕ 13 ಎನ್ನುತ್ತದೆ. ಎರಡೂ ಸುಳ್ಳಲ್ಲ, ಒಂದೊಂದೇ ಪೂರ್ತಿ ನಿಜವೂ ಅಲ್ಲ. ಆಮೇಲೆ ಎಂಟು ವರ್ಷ ಅವರಿಗೆ ಭಾರತದ ಟೆಸ್ಟ್ ತಂಡದಲ್ಲಿ ಆಡುವ ಅವಕಾಶ ಬರಲಿಲ್ಲ. 2022ರ ಕೊನೆಯಲ್ಲಿ, ಇನ್ನೊಂದು ಅವಕಾಶ ಕೊಡು ಎಂದು ಕ್ರಿಕೆಟ್ಟನ್ನೇ ಬೇಡಿಕೊಂಡು ನಾಲ್ಕು ಜನರ ಮುಂದೆ ಬರೆದುಕೊಂಡರು. ಆ ಅವಕಾಶ 2025ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಬಂತು. ಎಂಟು ಸಲ ಆಡಿ 205 ರನ್ ಮಾಡಿದರು. ಹೇಳಿಕೊಳ್ಳುವಂಥದ್ದಲ್ಲ ನಿಜ. ಆದರೆ ಬೇಡಿದ್ದು ರನ್ನುಗಳನ್ನಲ್ಲ, ಅವಕಾಶವನ್ನು, ಅದು ದೊರೆಯಿತು.

ಇದೇನು, ಬರೀ ನಮ್ಮ ಊರಿನ ಆಟದ ಮಾತಾಯಿತು ಎನ್ನಬೇಡಿ. ಅಮೆರಿಕದವರು ಬೇಸ್‌ಬಾಲ್ ಎಂಬ ಆಟವಾಡುತ್ತಾರೆ. ಅಲ್ಲಿಯೂ ಬ್ಯಾಟು, ಅಲ್ಲಿಯೂ ಸರಾಸರಿ. ಪ್ರತಿವರ್ಷ ಯಾರ ಸರಾಸರಿ ಹೆಚ್ಚು ಎಂಬ ಪಟ್ಟಿಯನ್ನು ಜನ ಕಾದು ಓದುತ್ತಾರೆ. ಒಬ್ಬ ಆಟಗಾರ ಬ್ಯಾಟು ಹಿಡಿದು ನಿಂತ ಸರದಿಗಳಲ್ಲಿ ಎಷ್ಟು ಸಲ ಚೆನ್ನಾಗಿ ಹೊಡೆದು ಬೇಸ್ ಮುಟ್ಟಿದ ಎಂಬುದೇ ಅಲ್ಲಿನ ಸರಾಸರಿ. ಎಸೆಯುವವನ ತಪ್ಪಿನಿಂದ ಪುಕ್ಕಟೆಯಾಗಿ ಬೇಸ್ ಸಿಕ್ಕಿದ ಸರದಿಗಳು ಅಲ್ಲಿಯೂ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸಾವಿರಕ್ಕೆ ಮುನ್ನೂರು ಬಂದರೆ, ಎಂದರೆ ಹತ್ತರಲ್ಲಿ ಮೂರು ಸಲ ಹೊಡೆದರೆ, ಅವನು ಉತ್ತಮ ಆಟಗಾರ. ನಾನೂರು ಎಂದರೆ ಅಪೂರ್ವ.

1941ರಲ್ಲಿ ಬಾಸ್ಟನ್ ತಂಡದ ಟೆಡ್ ವಿಲಿಯಮ್ಸ್ ಎಂಬ ತರುಣ ವರ್ಷದ ಕೊನೆಯ ದಿನಕ್ಕೆ ಬಂದಾಗ 448 ಸರದಿಗಳಲ್ಲಿ 179 ಸಲ ಹೊಡೆದಿದ್ದ. ಭಾಗಿಸಿದರೆ .39955. ದಶಾಂಶದ ಮೂರು ಸ್ಥಾನಕ್ಕೆ ಸರಿಪಡಿಸಿದರೆ .400 ಎಂದಾಗುತ್ತದೆ. ಕೊನೆಯ ದಿನದ ಎರಡು ಪಂದ್ಯಗಳಿಗೆ ಅವನು ಇಳಿಯದೆ ಸುಮ್ಮನೆ ಕುಳಿತಿದ್ದರೆ ನಾನೂರು ಅವನದಾಗಿಬಿಡುತ್ತಿತ್ತು. ಬೇಕಾದರೆ ಕುಳಿತಿರು ಎಂದು ತಂಡದ ಯಜಮಾನನೂ ಹೇಳಿದ್ದ. ವಿಲಿಯಮ್ಸ್ ಕುಳಿತಿರಲಿಲ್ಲ. ಸೆಪ್ಟೆಂಬರ್ 28ರಂದು ಫಿಲಡೆಲ್ಫಿಯದಲ್ಲಿ ಎರಡು ಪಂದ್ಯಗಳನ್ನೂ ಆಡಿ, ಎಂಟು ಸರದಿಗಳಲ್ಲಿ ಆರು ಸಲ ಹೊಡೆದ. 456ಕ್ಕೆ 185, ಸರಾಸರಿ.406. ಅಂದು ಅವನು ಸೋತಿದ್ದರೆ? ನಾನೂರು ತಪ್ಪುತ್ತಿತ್ತು. ಆದರೂ ಆಡಿದವನೆಂಬ ಹೆಸರು ಉಳಿಯುತ್ತಿತ್ತು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಆ ಕಾಲದಲ್ಲಿ ಅಮೆರಿಕದ ದೊಡ್ಡ ಲೀಗುಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅವರು ನೀಗ್ರೋ ಲೀಗ್ ಎಂದು ಕರೆಯಲಾಗುತ್ತಿದ್ದ ತಮ್ಮವೇ ಲೀಗುಗಳಲ್ಲಿ ಆಡಿಕೊಂಡಿದ್ದರು. ಜಾಷ್ ಗಿಬ್ಸನ್ ಎಂಬುವನು ಅವರಲ್ಲಿ ಬಹು ದೊಡ್ಡ ಆಟಗಾರ. 1947ರ ಜನವರಿಯಲ್ಲಿ 35ನೆಯ ವಯಸ್ಸಿಗೇ ತೀರಿಕೊಂಡ. ಅದೇ ವರ್ಷ ಏಪ್ರಿಲಿನಲ್ಲಿ ಜಾಕಿ ರಾಬಿನ್‌ಸನ್ ದೊಡ್ಡ ಲೀಗಿನ ಬಾಗಿಲನ್ನು ತೆರೆದ. ಗಿಬ್ಸನ್‌ಗೆ ಮೂರು ತಿಂಗಳು ಸಾಲದೆ ಹೋಯಿತು. ಅವನ ಹೊಡೆತಗಳೆಲ್ಲ ಎಷ್ಟೋ ದಶಕಗಳ ಕಾಲ ದೊಡ್ಡ ಪುಸ್ತಕದಲ್ಲಿ ಸೇರಿರಲಿಲ್ಲ. 2024ರ ಮೇ ತಿಂಗಳಲ್ಲಿ ಅಲ್ಲಿನವರು ಆ ಲೀಗುಗಳ ಅಂಕಿ ಅಂಶಗಳನ್ನೂ ಸೇರಿಸಿಕೊಂಡು ಪಟ್ಟಿಯನ್ನು ತಿದ್ದಿದರು. ಆಗ ಜೀವಮಾನದ ಸರಾಸರಿಯಲ್ಲಿ ಟೈ ಕಾಬ್ ಎಂಬುವನ .367ನ್ನು ದಾಟಿ ಗಿಬ್ಸನ್‌ನ .372 ಮೇಲಕ್ಕೆ ಬಂತು. ಒಂದು ವರ್ಷದ ಪಟ್ಟಿಯಲ್ಲಿಯೂ 1943ರ ಅವನ .466 ಎಲ್ಲಕ್ಕಿಂತ ಮೇಲೆ ನಿಂತಿತು. ಸತ್ತು 77 ವರ್ಷಗಳಾದ ಮೇಲೆ ಆಟಕ್ಕಿದ್ದವನು ಲೆಕ್ಕಕ್ಕೂ ಬಂದ. ಈ ಸುದ್ದಿಯನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ, ಯಾರನ್ನು ಬಿಡುತ್ತೇವೆ ಎಂಬುದರ ಮೇಲೆ ಎಲ್ಲ ಸರಾಸರಿಗಳೂ ನಿಂತಿವೆ. ನನ್ನ ತಂದೆ ಹೇಳುತ್ತಿದ್ದ ಒಂದು ಪಂದ್ಯದ ಕಥೆ ಈ ಮಾತಿಗೆ ಚೆನ್ನಾಗಿ ಒಪ್ಪುತ್ತದೆ. 1975ರ ಜನವರಿ, ಮದರಾಸಿನ ಚೆಪಾಕ್ ಮೈದಾನ, ಎದುರಿಗೆ ವೆಸ್ಟ್ ಇಂಡೀಸ್. ತಂದೆಯವರು ಕೆಲಸ ಬಿಟ್ಟು ರೇಡಿಯೋಕ್ಕೆ ಕಿವಿ ಹಚ್ಚಿ ಕುಳಿತಿದ್ದರಂತೆ. ಆಂಡಿ ರಾಬರ್ಟ್ಸ್ ಬೆಂಕಿಯಂತೆ ಚೆಂಡೆಸೆದು 7 ವಿಕೆಟ್ ತೆಗೆದರು. ಭಾರತ 190ಕ್ಕೆ ಮುಗಿಯಿತು. ಅದರಲ್ಲಿ 97 ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರದು. ಕೊನೆಯ ಆಟಗಾರ ಚಂದ್ರಶೇಖರ್ ಔಟಾದದ್ದರಿಂದ ನೂರಕ್ಕೆ ಮೂರು ಉಳಿದೇ ಹೋಯಿತು. ಶತಕಗಳ ಪಟ್ಟಿಯಲ್ಲಿ ಆ ಆಟಕ್ಕೆ ಸ್ಥಳವಿಲ್ಲ. ಆದರೂ ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತು.

ಇನ್ನು ಆ ಕೊನೆಯ ಆಟಗಾರ, ಮೈಸೂರಿನ ಬಿ. ಎಸ್. ಚಂದ್ರಶೇಖರ್. 58 ಟೆಸ್ಟ್‌ಗಳಲ್ಲಿ ಅವರು ಹೊಡೆದದ್ದು ಒಟ್ಟು 167 ರನ್, ಸರಾಸರಿ 4.07. ಬರೀ ಬ್ಯಾಟಿಂಗ್ ಸರಾಸರಿಯನ್ನು ನೋಡುವ ಒಬ್ಬ ಮಹನೀಯರ ಕೈಗೆ ತಂಡವನ್ನು ಕೊಟ್ಟಿದ್ದರೆ, ಮೊದಲು ಹೊರಗೆ ಹೋಗುತ್ತಿದ್ದವರು ಚಂದ್ರಶೇಖರರೇ. ತಂಡದ ಸರಾಸರಿ ಏರುತ್ತಿತ್ತು, ಸಂದೇಹವಿಲ್ಲ. ಆದರೆ ಬಾಲ್ಯದಲ್ಲಿ ಪೋಲಿಯೋ ತಗುಲಿದ ಅದೇ ಬಲಗೈಯಿಂದ ಅವರು 242 ವಿಕೆಟ್‌ಗಳನ್ನು ತೆಗೆದರು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವನ್ನು ತಂದುಕೊಟ್ಟರು. ಅಂಥವರನ್ನು ಬಿಟ್ಟು ಸರಾಸರಿಯನ್ನು ಏರಿಸಿಕೊಂಡು ಯಾರು ಏನು ಸಾಧಿಸಿದಂತಾಯಿತು?

ಇನ್ನು ನನ್ನ ಬಾಕಿಯ ವಿಚಾರ. ಇಪ್ಪತ್ತು ವರ್ಷಕ್ಕೂ ಹಿಂದಿನದು. ಟ್ರೈನಿಂಗ್ ಮುಗಿಸಿ ಬೇರೊಂದು ಊರಿನ ಶಾಲೆಯಲ್ಲಿ ಹೊಸದಾಗಿ ಸೇರಿದ್ದೆ. ಊರಿನ ಹೆಸರೂ ಶಾಲೆಯ ಹೆಸರೂ ಇಲ್ಲಿ ಬೇಡ. ತಪ್ಪಿನಲ್ಲಿ ನನ್ನ ಪಾಲು ನನಗೆ ಸಾಕು. ಹತ್ತನೆಯ ತರಗತಿಯಲ್ಲಿ 38 ಮಕ್ಕಳಿದ್ದರು, ನಾನು ತರಗತಿಯ ಉಪಾಧ್ಯಾಯ. ಆ ವರ್ಷ ನೂರಕ್ಕೆ ನೂರು ಫಲಿತಾಂಶ ಬರಲೇಬೇಕೆಂಬ ಹಟ ಎಲ್ಲರಿಗೂ ಹಿಡಿದಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತೀರ ಹಿಂದುಳಿದಿದ್ದ ಮೂವರ ತಂದೆಗಳನ್ನು ಕರೆಸಿ, ಈ ಸಲ ಬೇಡ, ಮುಂದಿನ ವರ್ಷ ಚೆನ್ನಾಗಿ ಓದಿಸಿ ಬರೆಸೋಣ ಎಂದು ಹೇಳುವುದೆಂದಾಯಿತು. ಆ ಮಾತನ್ನು ನಯವಾಗಿ ಹೇಳಲು ತಕ್ಕವನು ಕನ್ನಡ ಮೇಷ್ಟರೆಂದು ನನ್ನನ್ನು ಆರಿಸಿದರು. ನಾನು ನಯವಾಗಿಯೇ ಹೇಳಿದೆ.

ಆ ಮೂವರಲ್ಲಿ ಒಬ್ಬ ನಮ್ಮ ಶಾಲೆಯ ಕ್ರಿಕೆಟ್ ತಂಡದ ಸ್ಕೋರು ಬರೆಯುತ್ತಿದ್ದ ಹುಡುಗ. ಆಡಲು ಅಷ್ಟೇನೂ ಬಾರದು. ಆದರೆ ಮರದ ಕೆಳಗೆ ಕುಳಿತು ಒಂದೊಂದು ಚೆಂಡಿನ ಲೆಕ್ಕವನ್ನೂ ನೋಟ್‌ಪುಸ್ತಕದಲ್ಲಿ ಗುರುತು ಹಾಕಿ, ಯಾರ ಸರಾಸರಿ ಎಷ್ಟೆಂದು ಬಾಯಲ್ಲೇ ಹೇಳುವನು. ಅವನ ಗಣಿತದ ಉತ್ತರಪತ್ರಿಕೆಯಲ್ಲಿ ನೂರಕ್ಕೆ 19. ಎರಡೂ ನನ್ನ ಕಣ್ಣ ಮುಂದೆಯೇ ಇದ್ದುವು. ಇಷ್ಟು ಲೆಕ್ಕ ಬಲ್ಲವನಿಗೆ ಪಾಠ ಏಕೆ ಹತ್ತಲಿಲ್ಲ ಎಂದು ಒಂದು ಸಂಜೆ ಕೂರಿಸಿಕೊಂಡು ಕೇಳಬಹುದಾಗಿತ್ತು. ಕೇಳಲಿಲ್ಲ. ಟೊಮೇಟೊ ಗಿಡಕ್ಕೆ ನೀರು ಕಟ್ಟುತ್ತಿದ್ದವನು ಹಾಗೆಯೇ ಎದ್ದು ಬಂದಿದ್ದ ಅವನ ತಂದೆ, ಕೆಸರುಗಾಲಿನಲ್ಲಿ ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತು, "ನಿಮಗೆ ಗೊತ್ತಿಲ್ಲದ್ದೇನಿದೆ ಸಾಮಿ, ನೀವು ಹೇಳಿದಂಗೇ ಆಗಲಿ" ಎಂದು ಕೈಮುಗಿದ.

ಫಲಿತಾಂಶ ಬಂತು. 35 ಮಕ್ಕಳು ಬರೆದು 35 ಮಕ್ಕಳೂ ತೇರ್ಗಡೆ. ನೂರಕ್ಕೆ ನೂರು. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದರು, ಸಿಹಿ ಹಂಚಿದರು, ನನಗೂ ಒಂದು ಶಾಲು ಬಂತು. ಆ ಹುಡುಗ ಗೇಟಿನ ಹೊರಗೆ ನಿಂತು ಬೋರ್ಡನ್ನು ನೋಡುತ್ತಿದ್ದ. ಹತ್ತಿರ ಹೋದೆ. ಕೋಪವಿಲ್ಲದೆ, ಸ್ಕೋರು ಬರೆಯುವವನ ಧ್ವನಿಯಲ್ಲಿ ಕೇಳಿದ: "ಸಾರ್, ನಾವು 38 ಜನ ಅಲ್ವಾ ಇದ್ದದ್ದು?"

35ನ್ನು 38ರಿಂದ ಭಾಗಿಸಿದರೆ ನೂರಕ್ಕೆ 92. ಅದೂ ಒಳ್ಳೆಯ ಫಲಿತಾಂಶವೇ. ಉಳಿದ ಎಂಟಕ್ಕಾಗಿ ನಾವು ಮೂರು ಮಕ್ಕಳನ್ನು ಗೆರೆಯ ಕೆಳಗಿನಿಂದ ಅಳಿಸಿದ್ದೆವು. ಮುಂದಿನ ಜೂನ್ ತಿಂಗಳಲ್ಲಿ ಇಬ್ಬರು ಹಿಂದಿರುಗಿದರು. ಸ್ಕೋರು ಬರೆಯುತ್ತಿದ್ದವನು ಬರಲಿಲ್ಲ. ನಾನೂ ಅವನ ಮನೆಗೆ ಹೋಗಲಿಲ್ಲ. ಹೋಗಬಹುದಾಗಿತ್ತು; ಸೈಕಲ್ಲಿನಲ್ಲಿ ಅರ್ಧ ಗಂಟೆಯ ದಾರಿ.

ಎರಡು ವರ್ಷಗಳ ಹಿಂದೆ ರಾಯಕೋಟೆಯ ಟೊಮೇಟೊ ಮಂಡಿಯ ಬಳಿ ಒಂದು ಸಣ್ಣ ಲಾರಿಯಿಂದ ಒಬ್ಬರು ಇಳಿದು ಬಂದು ನಮಸ್ಕರಿಸಿದರು. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಲಾರಿ ಅವರದೇ, ಮಗಳು ಆರನೆಯ ತರಗತಿಯಲ್ಲಿದ್ದಾಳಂತೆ. ಇಷ್ಟು ವರ್ಷ ಗಂಟಲಲ್ಲಿದ್ದ ಮಾತನ್ನು ಅಲ್ಲಿಯೇ, ಕ್ರೇಟುಗಳ ನಡುವೆಯೇ ಹೇಳಿದೆ: ಅಂದು ನನ್ನಿಂದ ತಪ್ಪಾಯಿತಪ್ಪ. ಅವರು ನಕ್ಕುಬಿಟ್ಟರು. "ಬಿಡಿ ಸಾರ್, ಬರೆದಿದ್ರೂ ಫೇಲೇ ಆಗ್ತಿದ್ದೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಫೇಲಾಗಿದ್ರೆ ಒಂದು ನಂಬರಾದ್ರೂ ಇರ್ತಿತ್ತು" ಎಂದು ಸೇರಿಸಿದರು.

ಸ್ಕೋರು ಪುಸ್ತಕದಲ್ಲಿ ಬ್ಯಾಟ್ ಮಾಡದವನ ಹೆಸರಿನ ಮುಂದೆ ಸೊನ್ನೆಯನ್ನೂ ಬರೆಯುವುದಿಲ್ಲ. ಆ ಜಾಗ ಖಾಲಿ. ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸವನ್ನು ಬಿ.ಎಡ್. ಪದವಿ ಪಡೆದ ನನಗೆ ಹತ್ತನೆಯ ತರಗತಿಯನ್ನು ಮುಗಿಸದ ನನ್ನ ಶಿಷ್ಯ ಹೇಳಿಕೊಡಬೇಕಾಯಿತು.

ವಿದ್ಯಾರ್ಥಿಗಳೆ, 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಮೇಲೆ ವಿಶ್ವನಾಥ್ ತಮ್ಮ ಮೊದಲ ಟೆಸ್ಟ್ ಆಡಿದಾಗ ಮೊದಲ ಸರದಿಯಲ್ಲಿ ಅವರದು ಸೊನ್ನೆ. ಅದೇ ಪಂದ್ಯದ ಎರಡನೆಯ ಸರದಿಯಲ್ಲಿ 137. ಸೊನ್ನೆಗೆ ಹೆದರಿ ಅವರನ್ನು ಕೂರಿಸಿಬಿಟ್ಟಿದ್ದರೆ 137 ಎಲ್ಲಿಂದ ಬರಬೇಕು? ನಿಮಗೂ ಸೊನ್ನೆ ಬಂದೀತು. ಬಂದರೆ ಬರಲಿ, ಅದೂ ನಿಮ್ಮದೇ ಅಂಕಿ; ಅದರ ಮುಂದಿನ ಸರದಿ ನಿಮಗಾಗಿ ಕಾದಿರುತ್ತದೆ. ಸರಾಸರಿಯನ್ನು ಕಾಪಾಡುವುದಕ್ಕಾಗಿ ಆಟವನ್ನು ಬಿಡಬೇಡಿ. ಯಾರಾದರೂ ಬಿಡು ಎಂದರೆ, ಅವರು ನಿಮ್ಮ ಮೇಷ್ಟರೇ ಆಗಿದ್ದರೂ, ಎಷ್ಟು ಜನರಿದ್ದೆವು ಎಂದು ಕೇಳಿ.

ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಒಂದೇ. ಯಾವ ಶಾಲೆಯಾದರೂ ಸರಿ, ನಮ್ಮದಾದರೂ ಸರಿ, ನೂರಕ್ಕೆ ನೂರು ಎಂದು ಬರೆದುಕೊಂಡಾಗ ಸಂತೋಷಪಡಿ. ಸಂತೋಷಪಟ್ಟ ಮೇಲೆ, ಜೂನ್ ತಿಂಗಳಲ್ಲಿ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಪರೀಕ್ಷೆಯ ಹಾಲಿನಲ್ಲಿ ಎಷ್ಟು ಮಕ್ಕಳು ಕುಳಿತರು ಎಂದು ವಿಚಾರಿಸಿ. ಎರಡೂ ಒಂದೇ ಆಗಿದ್ದರೆ, ಅಲ್ಲಿ 92 ಬಂದರೂ ಚಿಂತೆಯಿಲ್ಲ, ಆ ಉಪಾಧ್ಯಾಯರಿಗೆ ಒಂದು ನಮಸ್ಕಾರ ಹೇಳಿ.

ಆ ಶಾಲು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಹೊದೆಯಲು ಮನಸ್ಸು ಬಂದಿಲ್ಲ.